ನಾಲ್ಕು ಗಂಟೆಗೆ ತಿರುಗುವ ಚಾವಿ

ನಿದ್ದೆ ಬರುವುದಿಲ್ಲವೆಂದು ಆಪ್ತಸಲಹೆಗೆ ನನ್ನ ಬಳಿ ಬಂದವರ ಮಾತು ಎರಡು ಮೂರು ಭೇಟಿಗಳಾದ ಮೇಲೆ ಕೆಟ್ಟು ನಿಲ್ಲುವ ವಾಹನಕ್ಕೋ ಮುಗಿಯದ ರಿಪೇರಿಗೋ ಬಂದು ನಿಲ್ಲುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅಂಥದೊಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಅವರು ಸ್ವಂತ ಪಿಕಪ್‌ನಲ್ಲಿ ಸರಕು ಸಾಗಿಸಿ ಸಂಸಾರ ನಡೆಸುವವರು. ರಾತ್ರಿ ನಿದ್ದೆಯಿಲ್ಲ, ಮನೆಯಲ್ಲಿ ಸಿಡುಕು, ಫೋನ್ ಬಂದರೆ ಎದೆಬಡಿತ. ಮೊದಲ ಎರಡು ಭೇಟಿಗಳಲ್ಲಿ ಗಾಡಿಯ ವಿಷಯ ಬರಲೇ ಇಲ್ಲ.

ಮೂರನೆಯ ಭೇಟಿಯಲ್ಲಿ, ಎಚ್ಚರವಾದ ತಕ್ಷಣ ಏನು ಮಾಡುತ್ತೀರಿ ಎಂದು ಕೇಳಿದೆ. “ನಾಲ್ಕು ಗಂಟೆಗೆ ಎದ್ದು ಹೋಗಿ ಗಾಡಿ ಸ್ಟಾರ್ಟ್ ಮಾಡಿ ನೋಡುತ್ತೇನೆ ಮೇಡಂ. ಸ್ಟಾರ್ಟ್ ಆದರೆ ಸರಿ, ಆಫ್ ಮಾಡಿ ಬಂದು ಮಲಗುತ್ತೇನೆ. ಆಗದಿದ್ದರೆ ಬಾಡಿಗೆಗೆ ಹೇಳಿದವರಿಗೆ ಏನು ಉತ್ತರ ಕೊಡಲಿ ಎಂದು ಕೂತಿರುತ್ತೇನೆ” ಎಂದರು. ಗಾಡಿ ಬದಲಾಯಿಸುವ ಯೋಚನೆ ಬಂದಿಲ್ಲವೇ ಎಂದದ್ದಕ್ಕೆ ಅವರ ಧ್ವನಿ ಏರಿತು. “ಈ ವರ್ಷವೇ ಕ್ಲಚ್ ಪ್ಲೇಟ್, ರೇಡಿಯೇಟರ್, ಸೆಲ್ಫ್ ಮೋಟಾರ್ ಹೊಸದು ಹಾಕಿಸಿದ್ದೇನೆ. ಈಗ ಕೊಟ್ಟುಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಲ್ಲವೇ?” ಸಾಲ ಪಡೆದು ಹಿಂದಿರುಗಿಸದವರ ಹೆಸರು ಹೇಳುವಂತೆ, ಒಂದೊಂದಕ್ಕೂ ಒಂದು ಬೆರಳು ಮಡಿಸಿದ್ದರು.

ಹೋದ ಹಣದ ಮೇಲಿನ ಮೋಹಕ್ಕೆ ಇನ್ನಷ್ಟು ಹಣ ಸುರಿಯುವ ಈ ಪ್ರವೃತ್ತಿಯನ್ನು ಮನೋವಿಜ್ಞಾನದ ಸಂಶೋಧಕರಾದ ಹಾಲ್ ಆರ್ಕೀಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿಯೇ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಅದನ್ನು ಅವರೆದುರು ಎತ್ತದೆ ಒಂದೇ ಪ್ರಶ್ನೆ ಕೇಳಿದೆ: “ಇದೇ ಗಾಡಿ, ಇದೇ ಸ್ಥಿತಿಯಲ್ಲಿ, ಬೇರೆಯವರ ಬಾಗಿಲಲ್ಲಿ ನಿಂತಿದ್ದರೆ ನಾಳೆಯ ಬಾಡಿಗೆಗೆ ನಂಬಿ ಕೊಳ್ಳುತ್ತಿದ್ದಿರಾ?” ಬಹಳ ಹೊತ್ತು ಸುಮ್ಮನಿದ್ದು, “ಪುಕ್ಕಟೆ ಕೊಟ್ಟರೂ ಬೇಡ” ಎಂದರು.

ಹಾಗಿದ್ದರೆ ಬದಲಾಯಿಸಿ ಎಂದು ನೇರವಾಗಿಯೇ ಹೇಳಿದೆ. ಆಪ್ತಸಲಹೆಗಾರರು ಕೊಳ್ಳಿ, ಮಾರಿ ಎನ್ನಬಾರದೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ನಿಯಮವನ್ನು ನಾನೂ ಗೌರವಿಸುತ್ತೇನೆ. ಆದರೆ ಕಣ್ಣೆದುರಿಗೇ ಕಾರಣವಿರುವ ಭಯಕ್ಕೆ ಉಸಿರಾಟದ ಅಭ್ಯಾಸವನ್ನಷ್ಟೇ ಕಲಿಸಿ ಕಳುಹಿಸುವುದು ಸೋರುವ ಮಾಡಿನ ಕೆಳಗೆ ಮಲಗಿದವರಿಗೆ ಇನ್ನೊಂದು ಹೊದಿಕೆ ಕೊಟ್ಟಂತೆ ಎಂದು ನಾನು ನಂಬಿದ್ದೇನೆ.

ರಿಪೇರಿ ಖರ್ಚಿನ ಜೊತೆಗೆ, ಗಾಡಿ ನಿಂತು ತಪ್ಪಿಹೋದ ಬಾಡಿಗೆಗಳನ್ನೂ ಬರೆದು ತರಲು ಹೇಳಿದೆ. ಎರಡನೆಯ ಮೊತ್ತವೇ ದೊಡ್ಡದಾಗಿತ್ತು. ಮುಂದಿನದನ್ನು ಗಾಡಿಗಳ ವಿಷಯ ಬಲ್ಲವರಲ್ಲಿ ಕೇಳಿ ತಿಳಿದುಕೊಂಡೇ ಸೂಚಿಸಿದೆ. ಹೊಚ್ಚಹೊಸದರ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು ಇಳಿಯುವುದರಿಂದ, ಆ ಇಳಿತ ಕಳೆದ, ಸರ್ವಿಸ್ ದಾಖಲೆಗಳಿರುವ ಗಾಡಿಯನ್ನು ನೋಡಬೇಕು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್‌ನಲ್ಲಿ ಸ್ಟಾರ್ಟಿಂಗ್ ದೋಷ ಮರೆಯಾಗುವುದರಿಂದ, ಅದು ಪೂರ್ತಿ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಚಾಸಿಯ, ಎಂದರೆ ಗಾಡಿಯ ತಳಚೌಕಟ್ಟಿನ, ತುಕ್ಕನ್ನೂ ಇಂಜಿನ್ ಒಳಗಿನ ಒತ್ತಡವಾದ ಕಂಪ್ರೆಷನ್ನನ್ನೂ ಮಾರುವವರಿಗೆ ಸಂಬಂಧಪಡದ ಮೆಕ್ಯಾನಿಕ್ ಪರೀಕ್ಷಿಸಬೇಕು. ಸಾಲದ ಕಂತನ್ನು ಮಾತ್ರ ವರ್ಷದಲ್ಲಿ ಅತಿ ಕಡಿಮೆ ದುಡಿಮೆಯಾಗುವ ತಿಂಗಳಲ್ಲೂ ಕಟ್ಟಲಾಗುವಷ್ಟಕ್ಕೆ ಹೊಂದಿಸಿಕೊಳ್ಳಿ ಎಂದು ಒತ್ತಿ ಹೇಳಿದೆ, ಏಕೆಂದರೆ ಗಾಡಿಯ ಚಿಂತೆಯ ಜಾಗಕ್ಕೆ ಸಾಲದ ಚಿಂತೆ ಬಂದು ಕೂತರೆ ನಿದ್ದೆ ಮರಳುವುದಿಲ್ಲ.

ಆಪತ್ತಿಗಿರಲೆಂದು ಹಳೆಯದನ್ನು ಉಳಿಸಿಕೊಳ್ಳಲೇ ಎಂದು ಕೇಳಿದಾಗ ಬೇಡವೆಂದೆ. ಕಣ್ಣಮುಂದಿರುವವರೆಗೆ ಅದರ ರಿಪೇರಿ ನಿಲ್ಲದು. ಬದಲಿ ಗಾಡಿ ಬಂದ ಮೇಲೂ ಕೆಲವು ವಾರ ಅವರಿಗೆ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಎಚ್ಚರವಾದರೂ ಚಾವಿ ಮುಟ್ಟದೆ ಮಲಗಿರುವುದನ್ನು ರೂಢಿಸಿಕೊಳ್ಳುವುದಕ್ಕೇ ಉಳಿದ ಭೇಟಿಗಳು ಬೇಕಾದವು.