ಷರತ್ತು ಬರೆಸಿದರೆ ಮಗನನ್ನು ನಂಬಲಿಲ್ಲ ಅಂತಾನಾ?

ಮನೆಯನ್ನು ಮಕ್ಕಳಿಗೆ ಕೊಟ್ಟ ಹಿರಿಯರು ನನ್ನ ಹತ್ತಿರ ಬರುವುದು ಹೆಚ್ಚಾಗಿ ದಾನಪತ್ರ ರಿಜಿಸ್ಟರ್ ಆದ ಮೇಲೆ. ಸರೋಜಮ್ಮ (ಹೆಸರು ಬದಲಿಸಿದ್ದೇನೆ) ಮೊದಲೇ ಬಂದರು. ಎಪ್ಪತ್ತು ದಾಟಿದೆ, ಗಂಡ ಇಲ್ಲ, ಮನೆ ಅವರ ಹೆಸರಲ್ಲೇ ಇದೆ. ಮಹಡಿ ಕಟ್ಟಲು ಮಗ ಸಾಲ ತೆಗೆಯಬೇಕು, ಅದಕ್ಕೆ ಮನೆಯ ಖಾತೆ ತನ್ನ ಹೆಸರಿಗೆ ಆಗಲಿ ಅನ್ನುತ್ತಾನೆ. ಮಗ ಒಳ್ಳೆಯವನು, ಸೊಸೆಯದೂ ದೂರೇನಿಲ್ಲ. ಮತ್ತೆ ಯಾಕೆ ಬಂದಿರಿ ಅಂದೆ. "ನಿದ್ದೆ ಬರ್ತಿಲ್ಲ ಮೇಡಂ."

ಪತ್ರ ಬರಹಗಾರರು ಬರೆದ ದಾನಪತ್ರದ ಕರಡು ಅವರ ಚೀಲದಲ್ಲೇ ಇತ್ತು. ಓದಿ ಹೇಳಿದೆ. ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಇನ್ನು ಮುಂದೆ ಈ ಸ್ವತ್ತಿನಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ. ಎಲ್ಲರೂ ಬರೆಸುವುದು ಇದನ್ನೇ. "ನಾನು ಎಲ್ಲಿರ್ತೀನಿ ಅಂತ ಇದರಲ್ಲಿ ಬರೆದೇ ಇಲ್ಲವಲ್ಲ" ಅಂದರು ಸರೋಜಮ್ಮ.

ಮುಂದಿನ ಸಲ ಮಗನನ್ನೂ ಕರೆಸಿದೆ. ಅಮ್ಮನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ದಾನಪತ್ರದಲ್ಲಿ ಬರೆಸುವ ಮಾತು ಎತ್ತಿದ್ದೇ ತಡ, ಅವನ ಮುಖ ಕೆಂಪಾಯಿತು.

"ಅಮ್ಮನಿಗೆ ಊಟ ಹಾಕ್ತೀನಿ ಅಂತ ನಾನು ಬರ್ಕೊಡಬೇಕಾ?"

"ಬ್ಯಾಂಕಿಗೆ ಎಷ್ಟೊಂದು ಕಡೆ ಸಹಿ ಹಾಕ್ತೀರಿ, ಅದು ಅವಮಾನ ಅನ್ಸುತ್ತಾ?"

"ಬ್ಯಾಂಕು ನಮ್ಮಮ್ಮ ಅಲ್ಲ ಮೇಡಂ."

ಅವನ ಮಾತಲ್ಲಿ ತಪ್ಪಿರಲಿಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಸರೋಜಮ್ಮನೇ ಬಾಯಿಬಿಟ್ಟರು. "ನೀನಿರೋ ತನಕ ನನಗೆ ಭಯ ಇಲ್ಲಪ್ಪ. ನಿನಗೇ ಏನಾದ್ರೂ ಆದ್ರೆ? ಸಾಲ ಕಟ್ಟೋಕೆ ಆಗದೇ ಹೋದ್ರೆ? ಆಗ ಮನೆ ಯಾರದ್ದು?" ಮಗ ತುಂಬ ಹೊತ್ತು ಸುಮ್ಮನಿದ್ದ. ತನ್ನನ್ನು ಕೆಟ್ಟವನು ಅಂತ ಯಾರೂ ಹೇಳುತ್ತಿಲ್ಲ ಅಂತ ಅವನಿಗೆ ಆಗಲೇ ಹೊಳೆದದ್ದು.

ಚೆನ್ನಾಗಿರೋ ಸಂಸಾರಕ್ಕೆ ಹುಳಿ ಹಿಂಡ್ತೀರಿ ಅಂತ ನನ್ನನ್ನು ಬೈಯುವವರಿದ್ದಾರೆ. ಬೈಯಲಿ. ಪ್ರೀತಿ ಇರುವಾಗಲೇ ಇದನ್ನು ಬರೆಸಲು ಸಾಧ್ಯ. ಮುನಿಸು ಬಂದ ಮೇಲೆ ಯಾರು ಬರೆದುಕೊಡುತ್ತಾರೆ?

ಕಾನೂನೂ ಇದನ್ನೇ ಕೇಳುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಗೆ ಅದೇ ಕೋರ್ಟ್ ಆಸ್ತಿ ವಾಪಸ್ ಕೊಡಿಸಿತು. ಆದರೆ ಅಲ್ಲಿ ಮಗ ಬೇರೆ ಕಾಗದದಲ್ಲಿ ಮಾತು ಬರೆದುಕೊಟ್ಟಿದ್ದ. ಬಾಯಿಮಾತನ್ನು ನಂಬಿ ಕೂತರೆ ಕಷ್ಟ.

ನಾನು ವಕೀಲೆ ಅಲ್ಲ. ವಕೀಲರಿಂದ ಎರಡು ಸಾಲು ಸೇರಿಸಿ ಅಂದೆ. ಊಟ, ವಸತಿ, ಔಷಧಿ ಮಗ ನೋಡಿಕೊಳ್ಳಬೇಕು ಅಂತ ಒಂದು. ಬದುಕಿರುವವರೆಗೆ ಕೆಳಮನೆಯಲ್ಲಿ ವಾಸಿಸುವ ಹಕ್ಕು ತಾಯಿಯದೇ ಅಂತ ಇನ್ನೊಂದು. ಈ ಎರಡನೆಯದು ಮಗ ಇಲ್ಲದಿದ್ದರೂ ಉಳಿಯುತ್ತದೆ. ಅದಕ್ಕೂ ಮೊದಲು ಬ್ಯಾಂಕಿಗೆ ಹೋಗಿ, ಮನೆ ಅಮ್ಮನ ಹೆಸರಲ್ಲೇ ಇದ್ದು ಇಬ್ಬರೂ ಸೇರಿ ಸಾಲ ತೆಗೆಯಬಹುದಾ ಕೇಳಿ ಅಂದೆ. ಹಾಗೆ ತೆಗೆದರೂ ಕಂತು ನಿಂತರೆ ಮನೆಗೆ ಅಪಾಯ ಇದ್ದೇ ಇದೆ. ಅದನ್ನೂ ಮುಚ್ಚಿಡಲಿಲ್ಲ. ಸುಮ್ನೆ ಆಸ್ತಿ ಹಂಚಿಡುವುದಷ್ಟೇ ಉದ್ದೇಶವಾಗಿದ್ದರೆ ವಿಲ್ ಸಾಕು ಅನ್ನುತ್ತಿದ್ದೆ. ವಿಲ್ ಬರೆದವರು ಬದುಕಿರುವಾಗ ಯಾವಾಗ ಬೇಕಾದರೂ ಬದಲಿಸಬಹುದು.

ಷರತ್ತು ಇದ್ದರೆ ಸಾಲ ಕೊಡಲು ಬ್ಯಾಂಕು ಹಿಂದೆಮುಂದೆ ನೋಡಬಹುದು ಅಂತ ಮಗನಿಗೆ ಇನ್ನೂ ಅಸಮಾಧಾನವಿದೆ. ಮಹಡಿ ಕೆಲಸ ಶುರುವಾಗಿಲ್ಲ. ದಾನಪತ್ರಕ್ಕೂ ಸಹಿ ಬಿದ್ದಿಲ್ಲ.

ಷರತ್ತಿಲ್ಲದೆ ಸಹಿ ಹಾಕಿ ಈಗ ಕಷ್ಟದಲ್ಲಿರುವವರು ಕೈಚೆಲ್ಲಬೇಡಿ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ.ಯವರ ಮುಂದೆ ಅರ್ಜಿ ಹಾಕಬಹುದು. ಮನೆ ವಾಪಸ್ ಬರದಿದ್ದರೂ ಜೀವನಾಂಶ ಕೇಳುವ ಹಕ್ಕು ಹೋಗುವುದಿಲ್ಲ. ಹೇಗೆ ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ದಾನಪತ್ರದ ಜೆರಾಕ್ಸ್ ಕೈಯಲ್ಲಿರಲಿ.