ಮೀನಿನ ಜೀನ್ ತಿದ್ದಿದರೆ ಮನುಷ್ಯರ ಕಾಯಿಲೆ ಬಗ್ಗೆ ಏನು ತಿಳಿಯುತ್ತದೆ?

ಶ್ವಾಸಕೋಶವೇ ಇಲ್ಲದ ಜೀಬ್ರಾ ಮೀನಿನಿಂದ (ಮೈಮೇಲೆ ಪಟ್ಟೆ ಇರುವ ಪುಟ್ಟ ಮೀನು) ನಮ್ಮ ಕಾಯಿಲೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ಶ್ವಾಸಕೋಶದ ಕಾಯಿಲೆಗೆ ಈ ಮೀನು ಅಷ್ಟಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಹೃದಯ, ರಕ್ತ, ಮಿದುಳಿನ ವಿಷಯ ಬೇರೆ. ನಮ್ಮ ಜೀನ್‌ಗಳಲ್ಲಿ ಶೇ. 70ರಷ್ಟಕ್ಕೆ ಇದರಲ್ಲಿ ಸರಿಜೋಡಿ ಇದೆ ಅಂತ 2013ರಲ್ಲಿ ಇದರ ಜೀನೋಮ್, ಅಂದರೆ ಜೀನ್‌ಗಳ ಪೂರ್ತಿ ನಕ್ಷೆ, ಪ್ರಕಟವಾದಾಗ ಗೊತ್ತಾಯಿತು.

ನಾನು ಈ ಮೀನಿನ ಲ್ಯಾಬ್‌ನಲ್ಲೇ ಇರುವವನು. ಸಂಜೆ ಗಂಡು-ಹೆಣ್ಣನ್ನು ಒಂದೇ ತೊಟ್ಟಿಯಲ್ಲಿ, ನಡುವೆ ಅಡ್ಡ ಇಟ್ಟು ಬಿಡುತ್ತೇವೆ. ಬೆಳಿಗ್ಗೆ ಲೈಟ್ ಬಂದಮೇಲೆ ಅಡ್ಡ ತೆಗೆದರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಮೊಟ್ಟೆ. ಆಮೇಲೆ ಒಂದೇ ಗಡಿಬಿಡಿ! ಮುಕ್ಕಾಲು ಗಂಟೆಯೊಳಗೆ ಒಂದು ಕೋಶ ಎರಡಾಗಿಬಿಡುತ್ತದೆ, ಅಷ್ಟರಲ್ಲಿ ಚುಚ್ಚಿ ಮುಗಿಸಬೇಕು. ಮೊಟ್ಟೆಗಳನ್ನು ಅಗರೋಸ್ ಅನ್ನುವ ಜೆಲ್ಲಿಯ ಗೀರುಗಳಲ್ಲಿ ಸಾಲಾಗಿ ಕೂರಿಸಿ, ಗಾಜಿನ ಸೂಜಿಯಿಂದ ಜೀನ್ ಕತ್ತರಿಸುವ ಕಾಸ್9 ಮತ್ತು ಅದಕ್ಕೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಬಿಡುತ್ತೇವೆ. ಈ ವಿಧಾನಕ್ಕೇ ಕ್ರಿಸ್ಪರ್ ಅನ್ನೋದು. ಒಳಗೆ ಹೋಯಿತೋ ಇಲ್ಲವೋ ಕಾಣಲಿ ಅಂತ ಸ್ವಲ್ಪ ಕೆಂಪು ಬಣ್ಣವೂ ಬೆರೆತಿರುತ್ತದೆ. ಮಾರನೇ ದಿನವೇ ಹೃದಯ ಬಡಿಯೋದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ, ಮೈ ಅಷ್ಟು ಪಾರದರ್ಶಕ. ತಾಯಿಯ ಹೊಟ್ಟೆಯೊಳಗಿರುವ ಇಲಿಮರಿಯಲ್ಲಿ ಇದನ್ನು ನೋಡೋಕಾಗಲ್ಲ, ಅಲ್ವಾ?

ಆದರೆ ಚುಚ್ಚಿದ ಮೀನಿನ ಎಲ್ಲ ಕೋಶಗಳಲ್ಲೂ ಒಂದೇ ತರಹ ಕತ್ತರಿ ಬಿದ್ದಿರುವುದಿಲ್ಲ. ಎಲ್ಲ ಕೋಶಗಳಲ್ಲೂ ಒಂದೇ ಬದಲಾವಣೆ ಇರುವ ಸಂತತಿ ಸಿಗಲು ಇನ್ನೆರಡು ತಲೆಮಾರು ಬೇಕು. ಪ್ರತಿ ತಲೆಮಾರು ದೊಡ್ಡದಾಗಲು ಮೂರು ತಿಂಗಳ ಹತ್ತಿರ ಹಿಡಿಯುತ್ತದೆ.

ಕಾಯಿಲೆಗೆ ಉದಾಹರಣೆ ಬೇಕಾದರೆ ಡ್ರಾವೆಟ್ ಸಿಂಡ್ರೋಮ್ ನೋಡಿ. ಎಳೆಮಕ್ಕಳಿಗೆ ಬರುವ ಕೆಟ್ಟ ಫಿಟ್ಸ್ ಅದು. ಅದರ ಜೀನಿಗೆ ಸರಿಜೋಡಿಯಾದ ಜೀನ್ ಕೆಟ್ಟ ಮರಿಮೀನುಗಳಿಗೂ ಫಿಟ್ಸ್ ಬರುತ್ತದೆ. ಅಮೆರಿಕದ ಸ್ಕಾಟ್ ಬಾರಬನ್ ತಂಡ ಅವುಗಳ ಮೇಲೆ 320 ರಾಸಾಯನಿಕಗಳನ್ನು ಪರೀಕ್ಷಿಸಿತು. ಫಿಟ್ಸ್ ತಗ್ಗಿಸಿದ್ದು ಕ್ಲೆಮಿಜೋಲ್ ಅನ್ನುವ ಹಳೇ ಅಲರ್ಜಿ ಔಷಧಿ. ಅಂದಹಾಗೆ, ಆ ಮೀನು ಕ್ರಿಸ್ಪರ್‌ನಿಂದ ಆದದ್ದಲ್ಲ. ಜೀನ್‌ಗಳನ್ನು ಗೊತ್ತುಗುರಿ ಇಲ್ಲದೆ ಕೆಡಿಸಿ, ಬೇಕಾದ್ದನ್ನು ಹುಡುಕುತ್ತಿದ್ದ ಹಳೇ ದಾರಿಯಲ್ಲಿ ಸಿಕ್ಕಿದ್ದು. ಈಗ ನೇರವಾಗಿ ಬೇಕಾದ ಜೀನ್‌ಗೇ ಕೈಹಾಕಬಹುದು.

ಇಲ್ಲೊಂದು ಎಡವಟ್ಟಿದೆ. ಜೀನ್ ಪೂರ್ತಿ ಹಾಳಾದರೂ ಕೆಲವು ಮೀನು ಆರಾಮಾಗಿ ಈಜುತ್ತವೆ. ಅದೇ ಕುಟುಂಬದ ಬೇರೆ ಜೀನ್‌ಗಳು ಜಾಸ್ತಿ ದುಡಿದು ಕೊರತೆ ತುಂಬಿಸಿಬಿಡುತ್ತವೆ, ಇದು 2015ರಲ್ಲಿ ಚೆನ್ನಾಗಿ ಬೆಳಕಿಗೆ ಬಂತು. ಹಾಗಾಗಿ "ಮೀನಿಗೆ ಏನೂ ಆಗಲಿಲ್ಲ, ಈ ಜೀನ್ ನಿರಪರಾಧಿ" ಅಂತ ಸುಮ್ನೆ ಹೇಳುವ ಹಾಗಿಲ್ಲ. ತೊಂದರೆ ಕಂಡರೂ ಅಷ್ಟಕ್ಕೇ ನಂಬುವುದಿಲ್ಲ. ಮನುಷ್ಯರ ಸರಿಯಾದ ಜೀನಿನ ನಕಲಾದ ಆರ್‌ಎನ್‌ಎಯನ್ನು ಆ ಮೊಟ್ಟೆಗೆ ಹಾಕಿ, ಮರಿ ಸರಿಹೋಗುತ್ತದಾ ನೋಡುತ್ತೇವೆ. ಸರಿಹೋದರೆ ಮಾತ್ರ ಡಾಕ್ಟರ ಹತ್ತಿರ ಆ ಜೀನಿನ ಹೆಸರು ಎತ್ತುತ್ತೇವೆ.