ಅಪಘಾತದ ಹೊತ್ತಿಗೆ ನೆರವಾದವರ ಋಣ ತೀರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಅಡಿಕೆ ಕೊಯ್ಲಿನ ಹೊತ್ತಿಗೆ ಆಗುಂಬೆ ರಸ್ತೆಯಲ್ಲಿ ಅಪ್ಪನ ಬೈಕ್ ಜಾರಿತು. ಹಿಂದೆ ಬರುತ್ತಿದ್ದ ಪಿಕಪ್‌ನವರು ತೀರ್ಥಹಳ್ಳಿ ಮುಟ್ಟಿಸಿದರು, ಅಲ್ಲಿಂದ ಶಿವಮೊಗ್ಗಕ್ಕೆ ಹೋಗಿ ತಲೆಗೆ ಆಪರೇಷನ್ ಆಯಿತು. ಗುರುತಿಲ್ಲದ ಇಬ್ಬರು ರಕ್ತ ಕೊಟ್ಟರು, ಊರವರು ಕೊಯ್ಲು ಮುಗಿಸಿದರು, ನೆಂಟರು ಕೈಗಡ ಕೊಟ್ಟರು. ಎಲ್ಲರನ್ನೂ ಕರೆದು ಒಂದು ಊಟ ಹಾಕಿದರೆ ಸಾಕೇ?

ಊಟ ಹಾಕಿ, ಆದರೆ ಅದು ಕೊನೆಗಿರಲಿ. ಡೀಸೆಲ್, ಕೂಲಿ, ಕೈಗಡ ಇವೆಲ್ಲ ಬಾಕಿ. ಋಣದ ಮಾತು ಆಮೇಲಿನದು. ಬಾಕಿ ಹಾಗೇ ಇಟ್ಟುಕೊಂಡು ಹೋಳಿಗೆ ಬಡಿಸಿದರೆ ಉಂಡವರಿಗೂ ಇರಿಸುಮುರಿಸು.

ಯಾರು ಏನು ಮಾಡಿದರೆಂದು ಈ ವಾರವೇ ಬರೆದಿಡಿ. ಅಪ್ಪನಿಗೆ ಆ ದಿನಗಳ ನೆನಪಿರದು, ನಿಮಗೂ ಅರ್ಧ ಮರೆತಿರುತ್ತದೆ. ಮನೆಯವರ ಮೊಬೈಲುಗಳಲ್ಲಿ ಆ ವಾರದ ಕರೆಗಳನ್ನು ನೋಡಿಕೊಂಡು ಒಟ್ಟಿಗೆ ಕೂತು ಬರೆಯಿರಿ. ದುಡ್ಡು ಕೊಟ್ಟವರು ಎಲ್ಲರಿಗೂ ನೆನಪಿರುತ್ತಾರೆ. ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕಿದವರು, ಆಸ್ಪತ್ರೆಯಲ್ಲಿ ರಾತ್ರಿ ಕೂತು ಅಮ್ಮನಿಗೆ ಒಂದಿಷ್ಟು ನಿದ್ದೆ ಕೊಟ್ಟವರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

ಕೊಯ್ಲಿನ ಲೆಕ್ಕ ಸ್ವಲ್ಪ ಸೂಕ್ಷ್ಮ. ಕೊನೆಯನ್ನು, ಅಂದರೆ ಅಡಿಕೆ ಗೊನೆಯನ್ನು, ಹದಕ್ಕೆ ಇಳಿಸದಿದ್ದರೆ ಅಡಿಕೆ ಹಣ್ಣಾಗಿ ಗೋಟಿಗೆ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆಗೆ) ಹೋಗುತ್ತದೆ, ಬೇಯಿಸಿ ಒಣಗಿಸಿದ ರಾಶಿ ಅಡಿಕೆಯ ದರ ಸಿಗುವುದಿಲ್ಲ. ಇಳಿಸಿದ್ದನ್ನು ಬೇಗ ಸುಲಿದು, ಬೇಯಿಸಿ, ಒಣಗಲು ಹರಡದಿದ್ದರೆ ಬಣ್ಣ ಕೆಡುತ್ತದೆ. ಅಂದರೆ ಊರವರು ಉಳಿಸಿಕೊಟ್ಟಿದ್ದು ನಿಮ್ಮ ಒಂದು ವರ್ಷದ ಆದಾಯ. ತೋಟ ಇರುವವರಿಗೆ ಮುಯ್ಯಾಳಿನ ಲೆಕ್ಕವೇ ಸರಿ, ದಿನಕ್ಕೆ ದಿನ: ಅವರು ದುಡಿದಷ್ಟು ದಿನ ನಿಮ್ಮ ಕಡೆಯವರು ಅವರ ತೋಟದಲ್ಲಿ ದುಡಿಯುವುದು. ಆದರೆ ಕೆಲಸಕ್ಕೆ ತಕ್ಕ ಆಳು ಹೋಗಬೇಕು. ಮರ ಹತ್ತಿದವನ ದಿನಕ್ಕೆ ಬದಲಾಗಿ ಉದುರು ಹೆಕ್ಕುವವನನ್ನು ಕಳಿಸಿದರೆ ಮುಯ್ಯಿ ತೀರಿತು ಎಂದು ಯಾರೂ ಒಪ್ಪುವುದಿಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಸ್ವಂತ ತೋಟ ಇಲ್ಲದಿದ್ದರೆ ಅವನಿಗೆ ಮುಯ್ಯಿಯಿಂದ ಏನೂ ಆಗದು. ಬೇರೆ ಕಡೆಯ ಕೂಲಿ ಬಿಟ್ಟು ಬಂದಿದ್ದಾನೆ, ಆ ದಿನಗಳ ಪೂರ್ತಿ ಕೂಲಿ ಕೊಡಿ. 'ಬೇಡ ಮಾರಾಯ್ರೇ' ಎಂದರೂ ಕೊಡಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿವರೆಗೆ ಸುಲಿದ ಹೆಂಗಸರಿಗೆ ಅಳತೆಯ ಮೇಲೆ ಕೂಲಿ ನಡೆಯುವ ಊರಾದರೆ ಎಷ್ಟು ಸುಲಿದರೆಂದು ಅವರನ್ನೇ ಕೇಳಿ, ಅವರ ಕೈಗೇ ಕೊಡಿ, ಮನೆ ಯಜಮಾನನ ಕೈಗಲ್ಲ.

ತೋಟ ಇರುವವರ ಕೊಯ್ಲೂ ಮುಗಿದಿದ್ದರೆ ಮಳೆಗಾಲದ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಹೋಗಿ. ಆಳು ಸಿಗದೆ ಎಲ್ಲರೂ ಪರದಾಡುವ ಹೊತ್ತು ಅದು. 200 ಲೀಟರಿನ ಒಂದು ಡ್ರಮ್ಮಿಗೆ 2 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 2 ಕೆಜಿ ಸುಣ್ಣ ಬೇಕು. ಒಂದೆರಡು ಡ್ರಮ್ಮಿಗಾಗುವಷ್ಟು ಮೈಲುತುತ್ತ ನೀವೇ ಒಯ್ದರೆ ಇನ್ನೂ ಒಳ್ಳೆಯದು.

ಕೈಗಡಕ್ಕೆ ಹೆಚ್ಚು ಹೇಳುವುದಿಲ್ಲ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎಂದು ಅವರು ಕೇಳುವ ಮೊದಲೇ ಒಂದು ತಾರೀಖು ಹೇಳಿ. ಇದ್ದವರು ಕೊಟ್ಟ ಲಕ್ಷಕ್ಕಿಂತ ತನ್ನ ಕಷ್ಟದಲ್ಲೇ ಕೊಟ್ಟವನ ಐದು ಸಾವಿರ ಮೊದಲು ತೀರಲಿ.

ರಕ್ತ ಕೊಟ್ಟವರಿಗೆ ದುಡ್ಡು ಕೊಡಲೇಬೇಡಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಿಷಿದ್ಧ. ಅವರು ಯಾರೆಂದು ರಕ್ತನಿಧಿಯಲ್ಲಿ ಪೀಡಿಸುವುದೂ ಬೇಡ. ನಿಮ್ಮ ಮನೆಯಿಂದ ರಕ್ತ ಹೋಗಲಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಅಪ್ಪ ರಕ್ತ ಪಡೆದವರಾದ್ದರಿಂದ ಒಂದು ವರ್ಷ ಕೊಡುವಂತಿಲ್ಲ. ಉಪವಾಸ ಹೋಗಬೇಡಿ, ಈಚೆಗೆ ಜ್ವರ ಬಂದಿದ್ದರೆ ಮೊದಲೇ ಹೇಳಿ. ಉತ್ಸಾಹದಲ್ಲಿ ಇಡೀ ಮನೆಯವರು ಒಂದೇ ದಿನ ಸಾಲುಗಟ್ಟುವುದರಲ್ಲಿ ಅರ್ಥವಿಲ್ಲ. ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ 5 ದಿನ ಮಾತ್ರ ಉಳಿಯುತ್ತದೆ. ತಿಂಗಳಿಗೊಬ್ಬರಂತೆ ಹೋಗಿ.

ಪಿಕಪ್‌ನವರು. ಇವರನ್ನು ಹುಡುಕಲು ವಾಹನದ ನಂಬರ್ ಹಾಕಿ ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಹೆಸರು ಹೇಳದೆ ಹೋಗುವ ಹಕ್ಕು ಅವರಿಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸಿಲ್ಲದಂತೆ ಕಾಯುತ್ತದೆ, ಹೆಸರು ವಿಳಾಸ ಹೇಳೆಂದು ಒತ್ತಾಯಿಸುವಂತೆಯೂ ಇಲ್ಲ. ರಸ್ತೆ ಅಪಘಾತ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ಆಗಿ ಠಾಣೆಗೆ ಮಾಹಿತಿ ಹೋಗಿರುತ್ತದೆ. ಅವರಾಗಿ ಹೆಸರು ಕೊಟ್ಟಿದ್ದರೆ ಅಲ್ಲಿರುತ್ತದೆ. 'ನಮ್ಮ ನಂಬರ್ ಅವರಿಗೆ ಕೊಡಿ' ಎಂದು ಠಾಣೆಯಲ್ಲಿ ಕೇಳಿಕೊಳ್ಳಿ. ಆ ದಾರಿಯ ಚಹಾ ಅಂಗಡಿಗಳಲ್ಲೂ ಹೇಳಿಟ್ಟರೆ ಸುದ್ದಿ ತಾನಾಗಿ ಮುಟ್ಟುತ್ತದೆ, ನಮ್ಮ ಕಡೆ ಅದೇ ವೇಗದ ಅಂಚೆ.

ಸಿಕ್ಕರೆ ಡೀಸೆಲ್, ರಕ್ತವಾದ ಸೀಟು ತೊಳೆಸಿದ ಖರ್ಚು, ತಪ್ಪಿದ ಬಾಡಿಗೆ, ಇಷ್ಟನ್ನು ಲೆಕ್ಕವೆಂದೇ ಕೊಡಿ, ಉಡುಗೊರೆ ಎನ್ನಬೇಡಿ. ಕೈಗೆ ನೋಟು ತುರುಕಿದರೆ ಹಿಂದೆ ಸರಿಯುತ್ತಾರೆ, ಬಂಕಿಗೆ ಕರೆದೊಯ್ದು ಟ್ಯಾಂಕ್ ತುಂಬಿಸಿದರೆ ಬೇಡವೆನ್ನುವುದು ಕಷ್ಟ. ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಅದರ ಮೇಲಿನದು. ಅವರು ಒಪ್ಪಿದರೆ ಸರ್ಕಾರದ ಬಹುಮಾನಕ್ಕೂ ದಾರಿ ಮಾಡಿಕೊಡಿ. 2021ರ ಅಕ್ಟೋಬರಿನಲ್ಲಿ 5,000 ರೂಪಾಯಿಯಿಂದ ಶುರುವಾದ ಕೇಂದ್ರದ ಯೋಜನೆ ಅದು. 2025ರಲ್ಲಿ 'ರಾಹ್‌ವೀರ್' ಎಂಬ ಹೆಸರಿನಲ್ಲಿ 25,000ಕ್ಕೆ ಏರಿತು. ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿರಬೇಕು. ದೊಡ್ಡ ಆಪರೇಷನ್, ತಲೆ ಅಥವಾ ಬೆನ್ನುಹುರಿಗೆ ಪೆಟ್ಟು, ಇಂಥ ಗಂಭೀರ ಗಾಯವಾಗಿರಬೇಕು. ವೈದ್ಯರ ಖಾತ್ರಿಯ ಮೇಲೆ ಪೊಲೀಸರು ಅವರ ಹೆಸರು, ಘಟನೆಯ ಜಾಗ, ಹೊತ್ತು ನಮೂದಿಸಿ ಪತ್ರ ಕೊಡುತ್ತಾರೆ. ಅದು ಜಿಲ್ಲಾಧಿಕಾರಿಯ ಸಮಿತಿಗೆ ಹೋಗಿ ದುಡ್ಡು ಬ್ಯಾಂಕಿಗೆ ಬರುತ್ತದೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಜೋಪಾನವಾಗಿಡಿ.

ಇನ್ನು ಆ ಗಾಡಿ ಸರಿಯಾಗಿ ಅದೇ ಗಳಿಗೆಗೆ ಬಂದದ್ದು ದೇವರ ದಯೆ ಎನಿಸಬಹುದು. ಹರಕೆ ಹೊತ್ತಿದ್ದರೆ ತೀರಿಸಿ. ಆದರೆ ಆ ಕಾಡುದಾರಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗದು, ಮುಂದಿನ ಸಲ ಬೇರೆ ಯಾರದೋ ಅಪ್ಪನ ಹಿಂದೆ ನಿಮ್ಮ ಗಾಡಿಯೇ ಇರಬಹುದು. ಸಿಗ್ನಲ್ ಎಲ್ಲಿ ಸಿಗುತ್ತದೆಂದು ಗುರುತಿಟ್ಟುಕೊಳ್ಳಿ. 108 ಅಥವಾ 112ಕ್ಕೆ ಕರೆ ಮಾಡಿದಾಗ 'ಆಗುಂಬೆ ಹತ್ತಿರ' ಎಂದರೆ ಅವರಿಗೆ ಸಾಲದು, ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಬಿದ್ದವರನ್ನು ಒಬ್ಬರೇ ತೋಳಲ್ಲಿ ಎತ್ತಬೇಡಿ, ಕುತ್ತಿಗೆ ಅಲುಗಿದರೆ ಬೆನ್ನುಹುರಿಗೇ ಪೆಟ್ಟು. ಹಲಗೆ ಸಿಕ್ಕರೆ ಅದರ ಮೇಲೆ, ನಾಲ್ಕು ಜನ ಸೇರಿ, ತಲೆಯನ್ನು ಒಬ್ಬರು ನೆಟ್ಟಗೆ ಹಿಡಿದು ಎತ್ತಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಇಳಿಯುತ್ತದೆ. ಇದಕ್ಕೆಲ್ಲ ಕೈಹಾಕುವ ಮೊದಲು ಒಬ್ಬರನ್ನು ಟಾರ್ಚ್ ಕೊಟ್ಟು ತಿರುವಿನ ಆಚೆ ನಿಲ್ಲಿಸಿ. ಮಂಜಿನಲ್ಲಿ ಇಳಿದು ಬರುವ ಬಸ್ಸಿನವರಿಗೆ ರಸ್ತೆಯಲ್ಲಿ ಬಗ್ಗಿ ಕೂತವರು ಕಾಣಿಸುವುದಿಲ್ಲ.